ಕನ್ಫ್ಯೂಷಿಯಸ್ ಹೇಳಿದ್ದು ‘ಹಿರಿಯರಿಗೆ ತಲೆಬಾಗು’ ಅಂತ ಅಷ್ಟೇನಾ?

ಪ್ರಶ್ನೆ: ಚೀನಾದ ಕನ್ಫ್ಯೂಷಿಯಸ್ ದೊಡ್ಡ ನೀತಿವಂತ ಅಂತ ನಾನು. ‘ಅಪ್ಪ ಅಮ್ಮ ಹೇಳಿದ್ದಕ್ಕೆಲ್ಲ ಹೂಂ ಅನ್ನಿ ಅಂದವನು, ಅಷ್ಟೇ’ ಅಂತ ಪಿಯುಸಿ ಓದುವ ನನ್ನ ಮಗಳು. ಆತ ಹೇಗೆ ಬದುಕಿದ? ನಿಜಕ್ಕೂ ಏನು ಹೇಳಿದ?

ಉತ್ತರ: ನಿಮ್ಮ ಮಗಳು ಪೂರ್ತಿ ತಪ್ಪು ಹೇಳುತ್ತಿಲ್ಲ. ತಂದೆ ತಾಯಿಯ ಸೇವೆಯನ್ನು ಆತ ಬಹಳ ಎತ್ತರದಲ್ಲಿಟ್ಟ. ಮುಂದೆ ಆಳುವವರು ಅದನ್ನೇ ಹಿಡಿದು ಪ್ರಜೆಗಳ ಬಾಯಿ ಮುಚ್ಚಿಸಿದ್ದೂ ಉಂಟು. ಆದರೆ ಆತ ಕೇಳಿದ್ದು ಬರೀ ವಿಧೇಯತೆಯನ್ನಲ್ಲ. ‘ಹೆತ್ತವರ ಹೊಟ್ಟೆಗೆ ಹಾಕಿದರೆ ಆಯ್ತು ಅಂದುಕೊಳ್ಳುತ್ತಾರೆ. ನಾಯಿಗೂ ಕುದುರೆಗೂ ಹಾಕುತ್ತೇವಲ್ಲ? ಗೌರವ ಇಲ್ಲದಿದ್ದರೆ ವ್ಯತ್ಯಾಸ ಏನು?’ ಎಂದು ಶಿಷ್ಯನನ್ನು ಕೇಳಿದ. ಹೆತ್ತವರು ತಪ್ಪಿದರೆ ಮೆತ್ತಗೆ ತಿಳಿಹೇಳಬೇಕು ಅಂತಲೂ ಹೇಳಿದ. ಅವರು ಕೇಳದಿದ್ದರೂ ಗೌರವ ಬಿಡಬಾರದು ಎನ್ನುವ ಮಾತೂ ಜೊತೆಗಿದೆ. ನಿಮ್ಮ ಮಗಳು ಇಲ್ಲಿ ವಾದಕ್ಕೆ ನಿಲ್ಲಬಹುದು, ನಿಲ್ಲಲಿ.

ಆತ ಹುಟ್ಟಿದ್ದು ಕ್ರಿ.ಪೂ. 551ರಲ್ಲಿ, ಲು ಎಂಬ ಪುಟ್ಟ ರಾಜ್ಯದಲ್ಲಿ. ಊರು ಈಗಿನ ಶಾಂಡಾಂಗ್ ಪ್ರಾಂತ್ಯದ ಚೂಫು. ಮನೆತನದ ಹೆಸರು ಕಾಂಗ್. ‘ಕಾಂಗ್ ಫೂಜಿ’, ಅಂದರೆ ಕಾಂಗ್ ಗುರುಗಳು, ಯುರೋಪಿನ ಪಾದ್ರಿಗಳ ಬಾಯಲ್ಲಿ ಕನ್ಫ್ಯೂಷಿಯಸ್ ಆಯಿತು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು, ತಾಯಿ ಸಾಕಿದರು. ಕಣಜದ ಲೆಕ್ಕ ಬರೆದ, ದನ ಕುರಿ ನೋಡಿಕೊಂಡ. ಬಡತನದಲ್ಲಿ ಬೆಳೆದಿದ್ದಕ್ಕೇ ಇಷ್ಟೆಲ್ಲ ಚಿಲ್ಲರೆ ಕೆಲಸ ಬರುತ್ತೆ ಎಂದು ಮುಂದೆ ಆತನೇ ಹೇಳಿಕೊಂಡ. ಐವತ್ತು ದಾಟಿದ ಮೇಲೆ ಸಿಕ್ಕ ಅಧಿಕಾರ ಬಿಟ್ಟು ಹೊರಟ. ಹದಿಮೂರು ಹದಿನಾಲ್ಕು ವರ್ಷ ರಾಜರ ಬಾಗಿಲಿಂದ ಬಾಗಿಲಿಗೆ ಅಲೆದ. ಒಬ್ಬರೂ ಆತನ ಮಾತಿನಂತೆ ರಾಜ್ಯ ನಡೆಸಲಿಲ್ಲ. ಒಮ್ಮೆ ದಾರಿಯಲ್ಲಿ ಊಟ ತೀರಿಹೋಗಿ ಶಿಷ್ಯರಿಗೆ ಎದ್ದು ನಿಲ್ಲಲೂ ಆಗಲಿಲ್ಲ. ‘ಒಳ್ಳೆಯವರಿಗೂ ಇಂಥ ಗತಿಯಾ?’ ಅಂತ ಒಬ್ಬ ಸಿಟ್ಟಿನಿಂದ ಕೇಳಿದ. ಕಷ್ಟ ಅವರಿಗೂ ಬರುತ್ತೆ, ಸಣ್ಣ ಮನಸ್ಸಿನವರು ಮಾತ್ರ ಕಷ್ಟ ಬಂದಾಗ ಹದ್ದು ಮೀರುತ್ತಾರೆ ಎಂದ ಕನ್ಫ್ಯೂಷಿಯಸ್. ವಯಸ್ಸಾದ ಮೇಲೆ ಊರಿಗೆ ಮರಳಿ ಪಾಠ ಹೇಳುತ್ತಾ ಕ್ರಿ.ಪೂ. 479ರಲ್ಲಿ ತೀರಿಕೊಂಡ.

ಆತನ ಮಾತುಗಳನ್ನು ‘ಲುನ್ ಯು’ ಎಂಬ ಪುಸ್ತಕವಾಗಿ ಕೂಡಿಸಿದ್ದು ಶಿಷ್ಯರು ಮತ್ತು ಅವರ ಶಿಷ್ಯರು. ಜೀವನಪೂರ್ತಿ ಪಾಲಿಸಲು ಒಂದೇ ಒಂದು ಮಾತು ಇದೆಯಾ ಎಂದು ಕೇಳಿದವನಿಗೆ ಸಿಕ್ಕ ಉತ್ತರ ಅದರಲ್ಲೇ ಇದೆ: ನಿನಗೆ ಬೇಡವಾದ್ದನ್ನು ಇನ್ನೊಬ್ಬರಿಗೆ ಮಾಡಬೇಡ.

ಇದು ಎಲ್ಲರಿಗೂ ಗೊತ್ತಿರುವ ಮಾತೇ, ಅಲ್ವಾ? ನನಗೆ ಜಾಸ್ತಿ ಇಷ್ಟ ಅದೇ ಪುಸ್ತಕದ ಇನ್ನೊಂದು ಪ್ರಸಂಗ. ಮಗಳ ಜೊತೆ ಕೂತು ಓದಿ. ಮಿಯನ್ ಎಂಬ ಕುರುಡ ಸಂಗೀತಗಾರ ಆತನನ್ನು ನೋಡಲು ಬರುತ್ತಾನೆ. ಮೆಟ್ಟಿಲ ಹತ್ತಿರ ಬಂದಾಗ ‘ಇಲ್ಲಿ ಮೆಟ್ಟಿಲಿದೆ’ ಅನ್ನುತ್ತಾನೆ ಗುರು. ಚಾಪೆ ಹತ್ತಿರ ಬಂದಾಗ ‘ಇದು ಚಾಪೆ’. ಎಲ್ಲರೂ ಕೂತ ಮೇಲೆ ‘ಇಲ್ಲಿ ಇಂಥವರಿದ್ದಾರೆ, ಅಲ್ಲಿ ಇಂಥವರಿದ್ದಾರೆ’ ಎಂದು ಒಬ್ಬೊಬ್ಬರನ್ನೇ ತಿಳಿಸುತ್ತಾನೆ. ಅತಿಥಿ ಹೋದ ಮೇಲೆ ಶಿಷ್ಯ ಕೇಳುತ್ತಾನೆ: ಸಂಗೀತಗಾರರ ಜೊತೆ ಹೀಗೇ ಮಾತಾಡಬೇಕಾ?

‘ಹೌದು. ಅವರಿಗೆ ನೆರವಾಗುವುದು ಹೀಗೇ’ ಅನ್ನುತ್ತಾನೆ ಗುರು.