ಸರ್ವಿಸ್ ಮಾಡಿಸಿದ ಮೇಲೆ ಸೈಕಲ್ಲಿನ ಡಿಸ್ಕ್ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಏನು ಮಾಡಲಿ?

ನೀವು ಬರೆದಿರುವುದು ಇಷ್ಟು. ಒಂದು ವರ್ಷದ ಸೈಕಲ್, ಎರಡೂ ಚಕ್ರಕ್ಕೆ ಕೇಬಲ್‌ನಿಂದ ಎಳೆಯುವ ಡಿಸ್ಕ್ ಬ್ರೇಕ್. ಅಂಗಡಿಗೆ ಜನರಲ್ ಸರ್ವಿಸ್‌ಗೆ ಬಿಟ್ಟಿದ್ದಿರಿ. ವಾಪಸ್ ಬಂದಾಗ ಫಳಫಳ ಹೊಳೆಯುತ್ತಿತ್ತು, ಗೇರ್ ಸಲೀಸಾಗಿ ಬೀಳುತ್ತಿತ್ತು. ಬ್ರೇಕ್ ಮಾತ್ರ ಎಷ್ಟು ಒತ್ತಿದರೂ ಸೈಕಲ್ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಕೇಳಿದರೆ ಅಂಗಡಿಯವರು "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಸಾರ್" ಅಂದರು. ಇದನ್ನು ನಂಬಬಹುದಾ ಅಂತ ಕೇಳಿದ್ದೀರಿ.

ಮೊದಲು ಬಿಲ್ ತೆಗೆದು ನೋಡಿ. ಹೊಸ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕ್ ಅನ್ನುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಣುಕು) ಹಾಕಿದ್ದರೆ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಹಾಕಿಲ್ಲ ಅಂದರೆ ಅದು ನಿಮ್ಮನ್ನು ಸಾಗಹಾಕುವ ಮಾತು. ಅಲ್ಲಿಯವರೆಗೆ ಚೆನ್ನಾಗಿ ಹಿಡಿಯುತ್ತಿದ್ದ ಹಳೇ ಪ್ಯಾಡ್, ಸರ್ವಿಸ್ ಆದ ದಿನವೇ ಕೈಕೊಟ್ಟಿದೆ ಅಂದರೆ ಸರ್ವಿಸ್‌ನಲ್ಲೇ ಏನೋ ಆಗಿದೆ.

ನಾನು ಮೆಕ್ಯಾನಿಕ್ ಅಲ್ಲ. ಮೈಸೂರಿನಲ್ಲಿ ಸೈಕಲ್ ತುಳಿಯುವವನು, ಅಷ್ಟೇ. ಆದರೆ ಇದೇ ಪೆಟ್ಟು ತಿಂದಿದ್ದೇನೆ. ಶನಿವಾರ ಸಂಜೆ ಸರ್ವಿಸ್‌ನಿಂದ ತಂದೆ, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿದೆ. ಹತ್ತುವಾಗ ಬ್ರೇಕ್ ಯಾರಿಗೆ ಬೇಕು? ಇಳಿಯುವಾಗ ನಂದಿಗೆ ಹೋಗುವ ಕವಲಿನ ಹತ್ತಿರ ಗೊತ್ತಾಯಿತು. ಎರಡೂ ಲಿವರ್ ಕಲ್ಲಿನ ಹಾಗೆ ಗಟ್ಟಿ, ಬೆರಳು ನೋಯುವಷ್ಟು ಒತ್ತಿದ್ದೇನೆ, ಸೈಕಲ್ ತನ್ನ ಪಾಡಿಗೆ ತಾನು ಹೋಗುತ್ತಿದೆ. ಬಲಗಾಲಿನ ಚಪ್ಪಲಿ ರಸ್ತೆಗೆ ಉಜ್ಜಿ, ಬೆಟ್ಟದ ಕಡೆಯ ಮಣ್ಣಿನಂಚಿಗೆ ತಿರುಗಿಸಿ ಹೇಗೋ ನಿಲ್ಲಿಸಿದೆ. ಆಮೇಲೆ ಕೆಳಗಿನವರೆಗೂ ನಡೆದುಕೊಂಡೇ ಬಂದೆ.

ಮನೆಗೆ ಬಂದು ಬಿಳಿ ಟಿಶ್ಯೂ ಕಾಗದದಿಂದ ಮುಂದಿನ ಡಿಸ್ಕನ್ನು ಒರೆಸಿದೆ. ಕರಿ ಜಿಡ್ಡು ಬಂತು. ಬೆಳಕಿಗೆ ಹಿಡಿದರೆ, ಮಳೆ ಬಂದಾಗ ಪೆಟ್ರೋಲ್ ಬಂಕ್ ಮುಂದಿನ ನೀರಿನ ಮೇಲೆ ಕಾಣುತ್ತದಲ್ಲ, ಆ ಥರದ ಬಣ್ಣ. ಮೂಗಿಗೆ ಹಿಡಿದರೆ ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ ವಾಸನೆ. ಆಗ ನೆನಪಾಯಿತು. ಅಂಗಡಿಯ ಹುಡುಗ ಸೈಕಲ್ ಕೊಡುವ ಮುಂಚೆ, ಪಾಪ, ಪ್ರೀತಿಯಿಂದಲೇ, ಮೇಲಿಂದ ಕೆಳಗಿನವರೆಗೂ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಉಜ್ಜಿದ್ದ. ಹೊಳಪಿನ ಗುಟ್ಟು ಅದು.

ಡಿಸ್ಕ್ ಬ್ರೇಕಿನ ಪ್ಯಾಡ್ ಒಂದು ರೂಪಾಯಿ ನಾಣ್ಯದಷ್ಟು ಅಗಲದ ತುಣುಕು. ಅದರ ಮೇಲಿನ ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿರುತ್ತವೆ, ಎಣ್ಣೆ ಸಿಕ್ಕರೆ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಎರಡು ಹನಿ ಸಾಕು. ಚೈನ್ ಎಣ್ಣೆಯ ಸ್ಪ್ರೇ ಗಾಳಿಗೆ ಹಾರಿ ಹಿಂದಿನ ಡಿಸ್ಕಿಗೆ ಕೂತರೂ ಇದೇ ಕಥೆ. ಸಿಲಿಕೋನ್ ಪಾಲಿಶ್, ತುಕ್ಕು ಬಿಡಿಸುವ ಸ್ಪ್ರೇ, ಕೊನೆಗೆ ಜಿಡ್ಡು ಕೈಯಲ್ಲಿ ಡಿಸ್ಕ್ ಮುಟ್ಟಿದರೂ ಹಿಡಿತ ಕಡಿಮೆ ಆಗುತ್ತದೆ.

ನಿಮ್ಮದೂ ಇದೇನಾ ಅಂತ ತಿಳಿಯಲು ಒಂದು ನಿಮಿಷ ಸಾಕು. ಸೈಕಲ್ ಪಕ್ಕ ನಿಂತು, ಮುಂದಿನ ಬ್ರೇಕನ್ನು ಪೂರ್ತಿ ಹಿಡಿದು ಮುಂದಕ್ಕೆ ತಳ್ಳಿ. ಆರೋಗ್ಯವಾಗಿರುವ ಬ್ರೇಕ್ ಆದರೆ ಮುಂದಿನ ಚಕ್ರ ಅಲ್ಲಾಡುವುದಿಲ್ಲ, ಹಿಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಹೊಸ ಪ್ಯಾಡ್ ಹಾಕಿಲ್ಲದೆಯೂ, ಲಿವರ್ ಗಟ್ಟಿಯಾಗಿ ಅರ್ಧದಲ್ಲೇ ನಿಂತು, ಆದರೂ ಚಕ್ರ ಉರುಳಿದರೆ ಅದು ಎಣ್ಣೆ. ಲಿವರ್ ಹ್ಯಾಂಡಲ್‌ಗೆ ತಾಗುವವರೆಗೂ ಬಂದು ಚಕ್ರ ಉರುಳಿದರೆ ಅದು ಕೇಬಲ್ ಅಥವಾ ಅಡ್ಜಸ್ಟ್‌ಮೆಂಟ್ ತೊಂದರೆ. ಎರಡಕ್ಕೂ ಮದ್ದು ಬೇರೆ. ಇನ್ನೊಂದು ಸುಳಿವು ಇದೆ. ಎರಡೂ ಬ್ರೇಕ್ ಒಂದೇ ದಿನ ಹಿಡಿತ ಕಳೆದುಕೊಂಡಿದ್ದರೆ ನನ್ನ ಅನುಮಾನ ಸ್ಪ್ರೇ ಮೇಲೆ. ಒಂದೇ ಬ್ರೇಕ್ ಆದರೆ ಮೊದಲು ಕೇಬಲ್ ನೋಡಿ.

ಎಣ್ಣೆ ಅಂತ ಖಚಿತವಾದರೆ ಡಿಸ್ಕ್ ಉಳಿಯುತ್ತದೆ, ಪ್ಯಾಡ್ ಉಳಿಯುವುದು ಅನುಮಾನ. ಡಿಸ್ಕ್ ಉಕ್ಕಿನದು, ಏನನ್ನೂ ಹೀರುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಬದಿ ಒರೆಸಿ. ಮೊಬೈಲ್ ರಿಪೇರಿಯವರು ಬೋರ್ಡ್ ಕ್ಲೀನ್ ಮಾಡಲು ಇದನ್ನೇ ಬಳಸುತ್ತಾರೆ, ಐಪಿಎ ಅಂತ ಕೇಳಿದರೆ ಸಿಗುತ್ತದೆ. ಪ್ರತಿ ಸಲ ಹೊಸ ಟಿಶ್ಯೂ ತಗೊಳ್ಳಿ, ಟಿಶ್ಯೂ ಬೆಳ್ಳಗೇ ವಾಪಸ್ ಬರುವವರೆಗೂ ಬಿಡಬೇಡಿ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ, ಅವೇ ಜಿಡ್ಡು. ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ.

ಪ್ಯಾಡ್ ಹೊರಗೆ ತೆಗೆದು ನೋಡಿ. ಮೇಲ್ಮೈ ಮಂಕಾಗಿ, ಒರಟಾಗಿ ಇರಬೇಕು. ಕನ್ನಡಿಯ ಹಾಗೆ ಮಿನುಗುತ್ತಿದ್ದರೆ ಕೆಟ್ಟಿದೆ. ಉಪ್ಪುಕಾಗದವನ್ನು ಸಮತಟ್ಟಾದ ಕಡಪಾ ಕಲ್ಲಿನ ಮೇಲಿಟ್ಟು, ಪ್ಯಾಡನ್ನು ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ. ಹೊಳಪು ಹೋಗಿ ಒಂದೇ ಸಮ ಮಂಕಾದರೆ ನಿಲ್ಲಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ. ಮೇಲುಮೇಲಿನ ಜಿಡ್ಡಾದರೆ ಇಷ್ಟಕ್ಕೇ ಸರಿಹೋಗುತ್ತದೆ. ಒಳಗಿಳಿದಿದ್ದರೆ ಎರಡು ದಿನ ಚೆನ್ನಾಗಿ ಹಿಡಿದು, ಬಿಸಿಯಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಪ್ಯಾಡನ್ನು ತವಾ ಮೇಲೆ ಹುರಿಯಿರಿ ಅಂತ ಸಲಹೆ ಕೊಡುವವರಿದ್ದಾರೆ. ನಾನೂ ಮಾಡಿದ್ದೇನೆ. ಅಡುಗೆಮನೆ ತುಂಬಾ ಹೊಗೆ, ಅಮ್ಮನಿಂದ ಬೈಗುಳ, ಬ್ರೇಕ್ ಮಾತ್ರ ಹಾಗೇ. ಒಂದು ಜೊತೆ ಪ್ಯಾಡಿಗೆ ನಾನು ಕೊಟ್ಟಿದ್ದು 250 ರೂಪಾಯಿ. ಅಷ್ಟಕ್ಕೆ ತವಾ ಹಾಳುಮಾಡಬೇಕಾ?

ಹೊಸ ಪ್ಯಾಡ್ ಹಾಕುವವರು ಡಿಸ್ಕನ್ನು ಮೊದಲು ಕ್ಲೀನ್ ಮಾಡಿ. ನಾನು ಆತುರಕ್ಕೆ ಬಿದ್ದು ಜಿಡ್ಡು ಡಿಸ್ಕಿಗೇ ಹೊಸ ಪ್ಯಾಡ್ ಹಾಕಿದ್ದೆ. ಒಂದೇ ವಾರದಲ್ಲಿ ಅದೂ ಹೋಯಿತು. ಹೀಗಾಗಿ 250 ಹೋಗಿ 500 ಆಯಿತು.

ಈಗ ಅಂಗಡಿಯವರ ಮಾತಿನ ಆ ಅರ್ಧ ನಿಜಕ್ಕೆ ಬರೋಣ. ಹೊಸ ಪ್ಯಾಡ್ ಮೊದಲ ದಿನ ಪೂರ್ತಿ ಹಿಡಿಯುವುದಿಲ್ಲ. ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಕೂತ ಮೇಲೇ ಹಿಡಿತ ಬರುವುದು. ಸುಮ್ನೆ ಓಡಿಸುತ್ತಿದ್ದರೆ ಅದು ಸರಿಯಾಗಿ ಕೂರುವುದಿಲ್ಲ, ನಾವೇ ಕೂರಿಸಬೇಕು. ಗಾಡಿಗಳಿಲ್ಲದ ಸಮತಟ್ಟಾದ ರಸ್ತೆಗೆ ಹೋಗಿ. ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ತುಳಿದು, ಒಂದೇ ಬ್ರೇಕನ್ನು ಸಮವಾಗಿ ಒತ್ತುತ್ತಾ ನಡಿಗೆಯ ವೇಗಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಚಕ್ರ ಲಾಕ್ ಆಗಬಾರದು. ಹೀಗೆ ಮುಂದಿನದಕ್ಕೆ ಹದಿನೈದಿಪ್ಪತ್ತು ಸಲ, ಹಿಂದಿನದಕ್ಕೂ ಅಷ್ಟೇ. ಹತ್ತನೇ ಸಲದ ಹೊತ್ತಿಗೆ ಬೆರಳಿಗೇ ಗೊತ್ತಾಗುತ್ತದೆ, ಕಚ್ಚಲು ಶುರುವಾಗುತ್ತದೆ. ಮುಗಿದ ಮೇಲೆ ಡಿಸ್ಕ್ ಮುಟ್ಟಬೇಡಿ, ಬೆರಳು ಸುಟ್ಟುಹೋಗುತ್ತದೆ.

ಲಿವರ್ ಹ್ಯಾಂಡಲ್‌ವರೆಗೂ ಬರುತ್ತಿದ್ದರೆ ಕ್ಯಾಲಿಪರ್ (ಡಿಸ್ಕಿನ ಎರಡೂ ಕಡೆ ಪ್ಯಾಡ್ ಹಿಡಿದು ಕೂತಿರುವ ಭಾಗ) ಹತ್ತಿರ ಕೂತು ನೋಡಿ. ಕಡಿಮೆ ಬೆಲೆಯ ಕೇಬಲ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಒಂದೇ ಚಲಿಸುತ್ತದೆ. ಅದು ಡಿಸ್ಕನ್ನು ಕೊಂಚ ಬಗ್ಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಒಳಗಿನದು ನಿಂತಲ್ಲೇ ನಿಂತಿರುತ್ತದೆ. ಸವೆದಂತೆಲ್ಲ ಅದನ್ನು ನಾವೇ ಮುಂದಕ್ಕೆ ತರಬೇಕು. ಕಡ್ಡಿಗಳ ಕಡೆಯಿಂದ ಇಣುಕಿದರೆ ಕ್ಯಾಲಿಪರ್ ಹಿಂದೆ ಅಲೆನ್ ಕೀ ಹೋಗುವ ತೂತು ಅಥವಾ ಕೈಯಲ್ಲಿ ತಿರುಗಿಸುವ ಗುಂಡಿ ಕಾಣುತ್ತದೆ. ಅಲ್ಲಿ ತಿರುಗಿಸಿ, ಡಿಸ್ಕಿಗೂ ಒಳಗಿನ ಪ್ಯಾಡಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್‌ನಷ್ಟು ಜಾಗ ಉಳಿಸಿ.

ಬಹಳಷ್ಟು ಅಂಗಡಿಗಳಲ್ಲಿ ಇದನ್ನು ಮುಟ್ಟುವುದೇ ಇಲ್ಲ. ಕೇಬಲ್ ಬಿಗಿ ಮಾಡಿ ಕಳಿಸುತ್ತಾರೆ. ಮೊದಲ ದಿನ ಚೆನ್ನಾಗಿದೆ ಅನಿಸುತ್ತದೆ. ಆದರೆ ಕ್ಯಾಲಿಪರ್ ಮೇಲೆ ಕೇಬಲ್ ಎಳೆದಾಗ ತಿರುಗುವ ತೋಳು ಬ್ರೇಕ್ ಒತ್ತುವ ಮುಂಚೆಯೇ ಅರ್ಧ ದಾರಿ ಬಂದಿರುತ್ತದೆ, ಮುಂದೆ ಹೋಗಲು ಜಾಗವೇ ಇರುವುದಿಲ್ಲ, ಒತ್ತುವ ಬಲವೂ ಕಡಿಮೆ. ಲಿವರ್ ಬಿಟ್ಟಾಗ ತೋಳು ಪೂರ್ತಿ ಹಿಂದಕ್ಕೆ ಬಂದು ಕೂರಬೇಕು. ಕೂರದಿದ್ದರೆ ಕೇಬಲ್ ಸಡಿಲಿಸಿ, ಒಳಗಿನ ಪ್ಯಾಡಿನಿಂದ ಮತ್ತೆ ಶುರು ಮಾಡಿ. ಸರ್ವಿಸ್‌ನಲ್ಲಿ ಕೇಬಲ್ ಹೊಸದು ಹಾಕಿದ್ದರೆ ಮೊದಲ ವಾರ ಸ್ವಲ್ಪ ಸಡಿಲಾಗುವುದು ಸಹಜ. ಲಿವರ್ ಹತ್ತಿರದ ಸ್ಕ್ರೂ ಎರಡು ಸುತ್ತು ತಿರುಗಿಸಿದರೆ ಆಯಿತು. ಪ್ಯಾಡಿನ ಪದರ ಒಂದು ಮಿಲಿಮೀಟರ್‌ಗಿಂತ ತೆಳ್ಳಗಾಗಿದ್ದರೆ ಅಡ್ಜಸ್ಟ್ ಮಾಡುತ್ತಾ ಕೂರದೆ ಬದಲಾಯಿಸಿಬಿಡಿ.

ಪ್ರಶ್ನೆಯ ಕೆಳಗೆ ಇನ್ನೊಬ್ಬರು ತಮ್ಮದು ಹೈಡ್ರಾಲಿಕ್, ಅಂದರೆ ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕ್, ಅಂತ ಕೇಳಿದ್ದಾರೆ. ಅದರಲ್ಲಿ ಲಿವರ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಅಂಗಡಿಯಲ್ಲಿ ಸೈಕಲ್ ತಲೆಕೆಳಗೆ ನಿಲ್ಲಿಸಿದ್ದರೂ ಹೀಗಾಗಬಹುದು. ನೆಟ್ಟಗೆ ನಿಲ್ಲಿಸಿ, ಲಿವರ್ ಒತ್ತಿ ರಬ್ಬರ್ ಬ್ಯಾಂಡ್ ಹಾಕಿ, ರಾತ್ರಿ ಬಿಡಿ. ಬೆಳಿಗ್ಗೆಗೂ ಹಾಗೇ ಇದ್ದರೆ ಬ್ಲೀಡ್ ಮಾಡಿಸಬೇಕು, ಅಂದರೆ ಎಣ್ಣೆ ಹಾಕಿ ಒಳಗಿನ ಗಾಳಿ ಹೊರಹಾಕಿಸಬೇಕು. ಆಗ ಯಾವ ಎಣ್ಣೆ ಹಾಕುತ್ತಾರೆ ಅಂತ ನಿಂತು ನೋಡಿ. ಶಿಮಾನೋ ಕಂಪನಿಯದಂಥ ಬ್ರೇಕ್‌ಗೆ ಮಿನರಲ್ ಆಯಿಲ್. ಅದಕ್ಕೆ ಮೋಟಾರ್ ಬೈಕಿಗೆ ಹಾಕುವ ಡಾಟ್ (DOT) ಬ್ರೇಕ್ ಆಯಿಲ್ ಸುರಿದರೆ ಒಳಗಿನ ಸೀಲ್‌ಗಳು ಹಾಳಾಗುತ್ತವೆ.

ನೀವು ಅಂಗಡಿಗೆ ಮತ್ತೆ ಹೋಗುವುದಾದರೆ ಜಗಳ ಬೇಡ. ಆ ಟಿಶ್ಯೂ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ, ಕರಿ ಟಿಶ್ಯೂ ಅವರ ಕೈಗೆ ಕೊಡಿ. ನನ್ನ ಅಂಗಡಿಯವರು ಆಮೇಲೆ ಮಾತಾಡಲಿಲ್ಲ, ಎರಡನೇ ಜೊತೆಯ ದುಡ್ಡು ವಾಪಸ್ ಕೊಟ್ಟರು. ಈಗ ಸರ್ವಿಸ್‌ಗೆ ಬಿಡುವಾಗ ಎರಡೂ ಡಿಸ್ಕಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಾಕಿಯೇ ಬಿಡುತ್ತೇನೆ. ಹುಡುಗರು ನಗುತ್ತಾರೆ, ನಗಲಿ.

ಇಷ್ಟೆಲ್ಲ ಮಾಡಿಯೂ ಹಿಡಿಯಲಿಲ್ಲ ಅಂದರೆ ಕಡ್ಡಿಗಳ ಕಡೆಯಿಂದ ಕ್ಯಾಲಿಪರ್‌ನದೊಂದು ಫೋಟೋ, ಪ್ಯಾಡ್‌ಗಳದೊಂದು ಫೋಟೋ ಇಲ್ಲೇ ಹಾಕಿ. ಪ್ಯಾಡನ್ನು ತಿರುಗಾಮುರುಗಾ ಹಾಕಿ, ತಗಡಿನ ಬೆನ್ನು ಡಿಸ್ಕಿಗೆ ಉಜ್ಜುತ್ತಿದ್ದ ಸೈಕಲ್ಲನ್ನೂ ನಾನು ನೋಡಿದ್ದೇನೆ.