ಕ್ರೂಸ್ ಪ್ರವಾಸ: ಮೊದಲು ವೇಳಾಪಟ್ಟಿ ಓದಿ, ಆಮೇಲೆ ಹಡಗು ಆರಿಸಿ

ಕ್ರೂಸ್ ಹಡಗಿನಲ್ಲಿ ಪ್ರವಾಸ ಹೊರಡಲು ಸಿದ್ಧರಾಗುತ್ತಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮೊದಲ ಬಾರಿಗೆ ಕ್ರೂಸ್ ಹೋಗುತ್ತಿದ್ದೇವೆ. ಮೆಡಿಟರೇನಿಯನ್‌ನಲ್ಲಿ ಏಳು ರಾತ್ರಿಗಳ ಎರಡು ಪ್ರವಾಸಗಳು ಮನಸ್ಸಿಗೆ ಬಂದಿವೆ. ಒಂದು ದೊಡ್ಡ ಹೊಸ ಹಡಗು, ಇನ್ನೊಂದು ಹಳೆಯ ಸಣ್ಣ ಹಡಗು. ರೋಮ್, ಫ್ಲಾರೆನ್ಸ್ ಎರಡರಲ್ಲೂ ಇವೆ. ಯಾವುದನ್ನು ಆರಿಸಬೇಕು?

ಉತ್ತರ: ಹಡಗಿನ ಚಿತ್ರಗಳನ್ನು ಪಕ್ಕಕ್ಕಿಟ್ಟು, ಎರಡೂ ಪ್ರವಾಸಗಳ ವೇಳಾಪಟ್ಟಿಯನ್ನು ಎದುರುಬದುರಾಗಿ ಇಟ್ಟುಕೊಂಡು ಓದಿ. ಯಾವ ಬಂದರಿಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೊರಡುತ್ತದೆ, ಅಂದು ಯಾವ ವಾರ ಎಂಬ ಮೂರು ಸಂಗತಿಗಳು ನಿಮ್ಮ ಪ್ರವಾಸದ ಗುಣವನ್ನು ಈಜುಕೊಳಗಳ ಸಂಖ್ಯೆಗಿಂತ ಹೆಚ್ಚಾಗಿ ನಿರ್ಧರಿಸುತ್ತವೆ.

ರೋಮ್ ಸಮುದ್ರತೀರದಲ್ಲಿಲ್ಲ. ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ರೋಮ್ ಎಂದಿರುವ ಕಡೆ ಹಡಗು ನಿಲ್ಲುವುದು ಚಿವಿಟವೆಕಿಯಾ ಎಂಬ ಬಂದರಿನಲ್ಲಿ, ನಗರದಿಂದ ಸುಮಾರು 70–80 ಕಿ.ಮೀ. ದೂರದಲ್ಲಿ. ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುವ ಹಡಗು ಎಂದುಕೊಳ್ಳಿ. ಕಾಗದದ ಮೇಲೆ ಅದು ಹನ್ನೆರಡು ಗಂಟೆ. ಅನುಮತಿ ಸಿಕ್ಕಿ ನೀವು ಇಳಿಯುವಾಗ 8 ಆಗಿರುತ್ತದೆ. ಬಂದರಿನ ಗೇಟಿನವರೆಗೆ ಶಟಲ್ ಬಸ್ಸು, ಅಲ್ಲಿಂದ ರೈಲು ನಿಲ್ದಾಣ, ಟಿಕೆಟ್ಟಿನ ಸಾಲು, ಒಂದು ಗಂಟೆಗೂ ಮೀರಿದ ರೈಲು ಪ್ರಯಾಣ ಎಲ್ಲ ಮುಗಿದು ರೋಮ್‌ನಲ್ಲಿ ಕಾಲಿಡುವಾಗ ಹತ್ತೂಕಾಲು. ಹಡಗಿಗೆ ಮರಳಬೇಕಾದ ಕೊನೆಯ ಹೊತ್ತು ಹೊರಡುವುದಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಇರುವುದರಿಂದ, ರೈಲು ತಡವಾದರೂ ನಿಭಾಯಿಸಬೇಕೆಂದರೆ ಮೂರೂವರೆಗೆ ಅಲ್ಲಿಂದ ಹೊರಡಬೇಕು. ಉಳಿದದ್ದು ಐದು ಗಂಟೆ. ಅಷ್ಟರಲ್ಲಿ ಕೊಲೋಸಿಯಮ್ ಮತ್ತು ವ್ಯಾಟಿಕನ್ ವಸ್ತುಸಂಗ್ರಹಾಲಯ ಎರಡನ್ನೂ ನೋಡುತ್ತೇನೆಂದು ಹೊರಡುವವರು ಸಾಲುಗಳನ್ನಷ್ಟೇ ನೋಡಿ ಬರುತ್ತಾರೆ. ಒಂದನ್ನು ಆರಿಸಿ, ಅದಕ್ಕೆ ಸಮಯ ನಿಗದಿಯಾದ ಟಿಕೆಟ್ಟನ್ನು ಮುಂಚಿತವಾಗಿ ಕೊಂಡುಕೊಳ್ಳಿ.

ಫ್ಲಾರೆನ್ಸ್‌ಗೂ ಇದೇ ಲೆಕ್ಕ. ಹಡಗು ನಿಲ್ಲುವುದು ಲಿವೋರ್ನೊ ಅಥವಾ ಲಾ ಸ್ಪೆಜಿಯಾದಲ್ಲಿ. ಪ್ಯಾರಿಸ್ ಎಂದರೆ ಸುಮಾರು 200 ಕಿ.ಮೀ. ಆಚೆಯ ಲೆ ಹಾವ್ರ್; ಬರ್ಲಿನ್ ಎಂದರೆ ಹೋಗುವುದಕ್ಕೇ ಸುಮಾರು ಮೂರು ಗಂಟೆ ಹಿಡಿಯುವ ವಾರ್ನೆಮುಂಡೆ. ಇದಕ್ಕೆ ವ್ಯತಿರಿಕ್ತವಾಗಿ ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ನಗರದ ನಡುವಿಗೆ ಮೆಟ್ರೊ ಅರ್ಧ ಗಂಟೆಯೊಳಗೆ ಒಯ್ಯುತ್ತದೆ. ವೆನಿಸ್‌ನ ಹೆಸರು ಕಂಡರೂ ಬಂದರು ಯಾವುದೆಂದು ಪರೀಕ್ಷಿಸಿ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳಿಗೆ ಅಲ್ಲಿನ ಜುದೆಕ್ಕಾ ಕಾಲುವೆಯಲ್ಲಿ ಪ್ರವೇಶವಿಲ್ಲ, ಹಲವು ಹಡಗುಗಳು ಈಗ ರವೆನ್ನಾ ಅಥವಾ ಟ್ರಿಯೆಸ್ಟ್‌ನಲ್ಲಿ ನಿಲ್ಲುತ್ತವೆ.

ವಾರವನ್ನು ನೋಡಿ ಎಂದದ್ದೇಕೆಂದರೆ, ಫ್ಲಾರೆನ್ಸ್‌ನ ಉಫೀಜಿ ಗ್ಯಾಲರಿಗೆ ಸಾಮಾನ್ಯವಾಗಿ ಸೋಮವಾರ ರಜೆ. ವ್ಯಾಟಿಕನ್ ವಸ್ತುಸಂಗ್ರಹಾಲಯ ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ಭಾನುವಾರಗಳಂದು ಮುಚ್ಚಿರುತ್ತದೆ. ಇಷ್ಟನ್ನೂ ಗುರುತು ಹಾಕಿಕೊಂಡ ಮೇಲೆ ಎರಡು ಪ್ರವಾಸಗಳಲ್ಲಿ ಯಾವುದು ನಿಮ್ಮದೆಂಬುದು ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ. ಆದರೂ ಎರಡೂ ಸರಿಸಮ ಎನಿಸಿದರೆ ನಾನು ಸಣ್ಣ ಹಡಗಿನ ಕಡೆಗೇ ವಾಲುತ್ತೇನೆ, ಏಕೆಂದರೆ ಐದು ಸಾವಿರ ಜನ ಒಂದೇ ಬೆಳಿಗ್ಗೆ ಒಂದೇ ಬಂದರಿನಲ್ಲಿ ಇಳಿಯುವ ಕಡೆ ನಿಮ್ಮ ಮೊದಲ ಗಂಟೆ ಸಾಲಿನಲ್ಲೇ ಕಳೆಯುತ್ತದೆ.

ಪ್ರಶ್ನೆ: ನಮ್ಮ ಹಡಗು ಗ್ರೀಸ್‌ನಿಂದ ಹೊರಟು ಟರ್ಕಿಯ ಒಂದು ಬಂದರನ್ನು ಮುಟ್ಟಿ ಮತ್ತೆ ಗ್ರೀಸ್‌ಗೆ ಬರುತ್ತದೆ. ಟರ್ಕಿಯಲ್ಲಿ ನಾವು ಇಳಿಯುವ ಆಲೋಚನೆಯಿಲ್ಲ. ಹಾಗಿದ್ದರೂ ಅದರ ವೀಸಾ ಬೇಕೇ?

ಉತ್ತರ: ಇದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ನಿಂತಿದೆ. ಇಳಿಯದವರಿಗೂ ವೀಸಾ ಕೇಳುವ ದೇಶಗಳಿವೆ, ಹಗಲು ಮಾತ್ರ ಇಳಿದು ಬರುವ ಕ್ರೂಸ್ ಪ್ರಯಾಣಿಕರಿಗೆ ವಿನಾಯಿತಿ ಕೊಡುವ ದೇಶಗಳೂ ಇವೆ. ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ, ಆಮೇಲೆ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯೊಂದಿಗೆ ತಾಳೆ ನೋಡಿ. ಕಾಗದಪತ್ರದ ಹೊಣೆ ಪ್ರಯಾಣಿಕರದ್ದೇ ಎಂದು ಟಿಕೆಟ್ಟಿನ ಷರತ್ತುಗಳಲ್ಲಿ ಬರೆದಿರುತ್ತದೆ; ಒಂದು ವೀಸಾ ಕಡಿಮೆಯಾಗಿ ಹಡಗು ಹತ್ತಿಸಿಕೊಳ್ಳದಿದ್ದರೆ ಹಣ ಹಿಂದಕ್ಕೆ ಬರುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಕಾಣದ ಇನ್ನೊಂದು ತೊಡಕಿದೆ. ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿ ಗ್ರೀಸ್ ಇದೆ, ಟರ್ಕಿ ಇಲ್ಲ. ನಿಮಗೆ ಷೆಂಗೆನ್ ವೀಸಾ ಬೇಕಾಗುವುದಾದರೆ, ಟರ್ಕಿಯಿಂದ ಮರಳುವುದು ಎರಡನೆಯ ಪ್ರವೇಶವಾಗಿಬಿಡುತ್ತದೆ. ಆದ್ದರಿಂದ ಒಂದೇ ಪ್ರವೇಶದ ವೀಸಾ ಸಾಲದು, ಬಹುಪ್ರವೇಶದ ವೀಸಾವನ್ನೇ ಕೇಳಿ ಪಡೆಯಬೇಕು. ಅಲಾಸ್ಕಾಕ್ಕೆ ಹೋಗುವವರಿಗೂ ಇಂಥದೇ ಮಾತು. ವಿದೇಶಿ ಧ್ವಜದ ಹಡಗುಗಳ ಮೇಲೆ ಅಮೆರಿಕದ 1886ರ ಕಾನೂನೊಂದು ಹಾಕಿರುವ ನಿರ್ಬಂಧದಿಂದಾಗಿ, ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಅಂಥ ಹಡಗುಗಳು ನಡುವೆ ಕೆನಡಾದ ಒಂದು ಬಂದರನ್ನು, ಬಹಳ ಸಲ ವಿಕ್ಟೋರಿಯಾವನ್ನು, ಮುಟ್ಟಲೇಬೇಕಾಗುತ್ತದೆ. ಕೆಲವೇ ಗಂಟೆಗಳ ಆ ನಿಲುಗಡೆಗೂ ಕೆನಡಾದ ನಿಯಮಗಳು ಅನ್ವಯಿಸುತ್ತವೆ.

ಪಾಸ್‌ಪೋರ್ಟಿನ ಅವಧಿ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಉಳಿದಿರಲಿ.

ಪ್ರಶ್ನೆ: ನನಗೆ ಬಸ್ಸಿನಲ್ಲಿಯೇ ವಾಂತಿ ಬರುತ್ತದೆ. ಕ್ರೂಸ್‌ನ ಆಸೆ ಬಿಡಬೇಕೇ?

ಉತ್ತರ: ಬಿಡಬೇಕಾಗಿಲ್ಲ, ಕ್ಯಾಬಿನ್ ಆರಿಸುವಾಗ ಎಚ್ಚರ ಸಾಕು. ಹಡಗು ತೂಗುವಾಗ ತುದಿಗಳೂ ಮೇಲಿನ ಡೆಕ್‌ಗಳೂ ಹೆಚ್ಚು ಆಡುತ್ತವೆ, ನಟ್ಟನಡುವಿನ ಕೆಳಗಿನ ಡೆಕ್‌ಗಳು ಕಡಿಮೆ. ಹೆಚ್ಚು ಹಣ ಕೊಟ್ಟು ಮೇಲಿನ ಡೆಕ್ಕಿನ ಮುಂತುದಿಯ ಬಾಲ್ಕನಿ ಕೊಳ್ಳುವವರು ಅಲುಗಾಟವನ್ನೂ ಹೆಚ್ಚಾಗಿಯೇ ಕೊಂಡಿರುತ್ತಾರೆ. ಹಡಗಿನ ಎರಡೂ ಪಕ್ಕಗಳಲ್ಲಿ ನೀರಿನೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಅಕ್ಕಪಕ್ಕದ ತೂಗಾಟವನ್ನು ಸಾಕಷ್ಟು ತಡೆಯುತ್ತವೆ, ಆದರೆ ಮುಂದೆ ಹಿಂದೆ ಏಳುಬೀಳುವುದನ್ನು ತಡೆಯಲಾರವು.

ಡೆಕ್‌ಗಳ ನಕ್ಷೆಯಲ್ಲಿ ನಿಮ್ಮ ಕ್ಯಾಬಿನ್ನಿನ ಮೇಲೆ ಮತ್ತು ಕೆಳಗೆ ಏನಿದೆ ಎಂಬುದನ್ನೂ ನೋಡಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ನೆಮ್ಮದಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ. ಕಡಿಮೆ ದರದ 'ಗ್ಯಾರಂಟಿ' ಕ್ಯಾಬಿನ್‌ನಲ್ಲಿ ಸ್ಥಳವನ್ನು ಕಂಪನಿಯೇ ಆರಿಸುವುದರಿಂದ ಅದು ನಿಮಗೆ ಹೇಳಿ ಮಾಡಿಸಿದ್ದಲ್ಲ.

ಮಾತ್ರೆಯನ್ನು ತಲೆ ಸುತ್ತಿದ ಮೇಲಲ್ಲ, ಅದಕ್ಕೆ ಮೊದಲೇ ತೆಗೆದುಕೊಳ್ಳಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಪಟ್ಟಿ ಮೂರು ದಿನ ಕೆಲಸ ಮಾಡುತ್ತದೆ, ಆದರೆ ಗ್ಲಾಕೋಮಾದ ತೊಂದರೆ ಇರುವವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ಬಳಸಬೇಡಿ. ಕೆರಿಬಿಯನ್ ಕಡೆ ಹೋಗುವುದಾದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಅದರಲ್ಲೂ ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಅದರ ಜೋರು ಎಂಬುದು ನೆನಪಿರಲಿ. ಆ ತಿಂಗಳುಗಳ ಅಗ್ಗದ ದರಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಟಿಕೆಟ್ ದರದಲ್ಲಿ ಊಟ, ವಸತಿ ಎಲ್ಲ ಸೇರಿದೆ ಎನ್ನುತ್ತಾರೆ. ಹಾಗಾದರೆ ಕೈಖರ್ಚಿಗೆ ಎಷ್ಟು ಇಟ್ಟುಕೊಳ್ಳಬೇಕು?

ಉತ್ತರ: ಎಲ್ಲ ಸೇರಿರುವುದಿಲ್ಲ. ಬಂದರು ತೆರಿಗೆ, ಅನೇಕ ಕಂಪನಿಗಳಲ್ಲಿ ದಿನಕ್ಕೆ ತಲೆಗೆ ಇಷ್ಟೆಂದು ತಾನಾಗಿ ಸೇರುವ ಟಿಪ್ಸ್, ಮದ್ಯ ಮತ್ತು ತಂಪು ಪಾನೀಯ, ವೈ-ಫೈ, ವಿಶೇಷ ರೆಸ್ಟೋರೆಂಟುಗಳು, ದಡದ ಪ್ರವಾಸಗಳು, ಇವೆಲ್ಲ ಬಹುಪಾಲು ಬೇರೆ. ಹಡಗಿನಲ್ಲಿ ನಗದು ನಡೆಯದೆ ಕ್ಯಾಬಿನ್ ಕಾರ್ಡನ್ನೇ ಉಜ್ಜುವುದರಿಂದ ಖರ್ಚು ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೊಮ್ಮೆ ಖಾತೆಯನ್ನು ತೆರೆದು ನೋಡಿ. ಒಬ್ಬರೇ ಹೋಗುವವರು ಇನ್ನೂ ಎಚ್ಚರ ವಹಿಸಬೇಕು. ದರವನ್ನು ಒಂದು ಕ್ಯಾಬಿನ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ ಹೇಳಿರುತ್ತಾರೆ, ಒಂಟಿ ಪ್ರಯಾಣಿಕರು ಕೆಲವೊಮ್ಮೆ ಇಬ್ಬರ ದರವನ್ನೂ ಕಟ್ಟಬೇಕಾಗುತ್ತದೆ.

ಹಡಗು ಹೊರಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ಜಾಲವನ್ನು ಹಿಡಿದುಕೊಂಡು ಮನೆಗೆ ಮರಳಿದ ಮೇಲೆ ದೊಡ್ಡ ಬಿಲ್ ಕಳಿಸೀತು.

ಪ್ರಶ್ನೆ: ಬಂದರುಗಳಲ್ಲಿ ಕಂಪನಿಯವರ ಪ್ರವಾಸ ತುಂಬ ದುಬಾರಿ. ನಾವೇ ಸುತ್ತಿ ಬಂದರೆ ಆಗದೇ? ಹಡಗು ತಪ್ಪಿದರೆ ಗತಿಯೇನು?

ಉತ್ತರ: ಖಂಡಿತ ಆಗುತ್ತದೆ. ನೋಡಬೇಕಾದದ್ದು ಬಂದರಿನಿಂದ ನಡೆದುಹೋಗುವಷ್ಟು ಹತ್ತಿರವಿದ್ದರೆ ಕಂಪನಿಯ ಪ್ರವಾಸಕ್ಕೆ ಹಣ ಸುರಿಯುವುದು ನನ್ನ ದೃಷ್ಟಿಯಲ್ಲಿ ದಂಡ. ರೋಮ್, ಪ್ಯಾರಿಸ್‌ನಂಥ ದೂರದ ನಗರಗಳಲ್ಲಿ ಮಾತ್ರ ಅದರ ಬೆಲೆಗೆ ಅರ್ಥವಿದೆ, ಏಕೆಂದರೆ ತನ್ನದೇ ಪ್ರವಾಸದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲವೇ ಕಂಪನಿಯೇ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುತ್ತದೆ. ನೀವಾಗಿ ಹೋಗಿ ತಡಮಾಡಿದರೆ ಹಡಗು ನಿಲ್ಲುವುದಿಲ್ಲ.

ತಪ್ಪಿಸಿಕೊಂಡವರಲ್ಲಿ ಅನೇಕರು ಸೋಮಾರಿಗಳಲ್ಲ, ಗಡಿಯಾರ ಗೊಂದಲಕ್ಕೆ ಸಿಕ್ಕವರು. ಹಡಗಿನ ಸಮಯವೂ ಊರಿನ ಸಮಯವೂ ಒಂದು ಗಂಟೆ ಬೇರೆಯಾಗಿರಬಹುದು. ಜೇಬಿನ ಫೋನು ದಡಕ್ಕೆ ಬಂದೊಡನೆ ಊರಿನ ಸಮಯಕ್ಕೆ ತಾನಾಗಿ ಬದಲಾಗಿರುತ್ತದೆ. ಇಳಿಯುವಾಗ ಬಾಗಿಲ ಬಳಿಯ ಫಲಕದಲ್ಲಿರುವ ಮರಳುವ ಹೊತ್ತನ್ನು ಫೋಟೊ ತೆಗೆದುಕೊಳ್ಳಿ, ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಡಿ. ದಿನದ ಕಾರ್ಯಕ್ರಮದ ಹಾಳೆಯಲ್ಲಿ ಬಂದರು ಏಜೆಂಟರ, ಅಂದರೆ ಆ ಊರಿನಲ್ಲಿ ಕಂಪನಿಯ ಪ್ರತಿನಿಧಿಯ, ಫೋನ್ ಸಂಖ್ಯೆ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಹಡಗು ಹೋಗಿಬಿಟ್ಟಿದ್ದರೆ ಮೊದಲು ಕಾಣಬೇಕಾದವರು ಅವರೇ. ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದು.

ಟೆಂಡರ್ ದೋಣಿಗಳ ಬಂದರುಗಳು ಬೇರೆಯೇ ಕಥೆ. ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಂಥ ಕಡೆ ಹಡಗು ಸಮುದ್ರದಲ್ಲೇ ನಿಂತು ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ದಡದಿಂದ ಮೇಲಿನ ಊರಿಗೆ ಹೋಗಲು ಕೇಬಲ್ ಕಾರ್, ಇಲ್ಲವೇ ಸುಮಾರು ಆರುನೂರು ಮೆಟ್ಟಿಲು. ಒಂದೇ ದಿನ ಹಲವು ಹಡಗುಗಳು ಬಂದಿದ್ದರೆ ಮಧ್ಯಾಹ್ನದ ನಂತರ ಕೆಳಗಿಳಿಯುವ ಕೇಬಲ್ ಕಾರಿನ ಸಾಲು ಬಹಳ ಉದ್ದವಾಗುತ್ತದೆ, ಎಲ್ಲರಿಗಿಂತ ಮೊದಲು ಹಿಂದಿರುಗುವುದೇ ಉಪಾಯ. ಸಮುದ್ರ ಒರಟಾಗಿದ್ದರೆ ಇಂಥ ಬಂದರನ್ನೇ ಕ್ಯಾಪ್ಟನ್ ಬಿಟ್ಟುಬಿಡಬಹುದು. ಷರತ್ತುಗಳು ಅವರಿಗೆ ಆ ಅಧಿಕಾರ ಕೊಟ್ಟಿವೆ, ನಿಮಗೆ ಮರಳುವುದು ಹೆಚ್ಚೆಂದರೆ ಆ ಬಂದರಿನ ತೆರಿಗೆ.

ಪ್ರಶ್ನೆ: ತಂದೆಯವರಿಗೆ ಹೃದಯದ ತೊಂದರೆಯಿದೆ, ಗಾಲಿಕುರ್ಚಿ ಬಳಸುತ್ತಾರೆ. ಅವರನ್ನು ಕರೆದೊಯ್ಯಬಹುದೇ?

ಉತ್ತರ: ವೈದ್ಯರು ಒಪ್ಪಿದರೆ ಕರೆದೊಯ್ಯಬಹುದು. ಗಾಲಿಕುರ್ಚಿ ಹಿಡಿಸುವ ಅಗಲ ಬಾಗಿಲಿನ ಕ್ಯಾಬಿನ್‌ಗಳು ಪ್ರತಿ ಹಡಗಿನಲ್ಲೂ ಕೆಲವೇ ಇರುವುದರಿಂದ ಸಾಧ್ಯವಾದಷ್ಟು ಬೇಗ ಕಾಯ್ದಿರಿಸಿ, ಟೆಂಡರ್ ಬಂದರುಗಳು ಕಡಿಮೆಯಿರುವ ಮಾರ್ಗವನ್ನು ಆರಿಸಿ. ಹಡಗಿನಲ್ಲಿ ವೈದ್ಯರೂ ಚಿಕಿತ್ಸಾಲಯವೂ ಇರುತ್ತವೆ, ಆದರೆ ಶುಲ್ಕ ನಿಮ್ಮ ಖಾತೆಗೆ ಬರುತ್ತದೆ, ದೊಡ್ಡ ಆಸ್ಪತ್ರೆಯ ಸೌಲಭ್ಯವೂ ಅಲ್ಲಿ ಸಿಗದು. ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಯನ್ನು ಮುಚ್ಚಿಡದೆ ತಿಳಿಸಿ, ನಡುಗಡಲಿನಿಂದ ರೋಗಿಯನ್ನು ಸಾಗಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಓದಿ ಖಚಿತಪಡಿಸಿಕೊಳ್ಳಿ. ಔಷಧಿಗಳು ಕೈಚೀಲದಲ್ಲೇ ಇರಲಿ. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸು ಕ್ಯಾಬಿನ್ ತಲುಪುವುದಕ್ಕೆ ಸಂಜೆಯಾಗಬಹುದು.

ಪ್ರಶ್ನೆ: ಹೊರಡುವ ಮೊದಲು ನಡೆಯುವ ಸುರಕ್ಷತಾ ಕವಾಯತಿಗೆ ಹೋಗಲೇಬೇಕೇ?

ಉತ್ತರ: ಹೋಗಲೇಬೇಕು. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಆ ಕವಾಯತು ಇನ್ನೂ ಆಗಿರಲಿಲ್ಲ. ಅದರ ನಂತರವೇ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣವೇ ಅದು ನಡೆಯಬೇಕೆಂದಾಯಿತು.

ಪ್ರಶ್ನೆ: ಹಡಗು ಬೆಳಿಗ್ಗೆ 6ಕ್ಕೆ ಬಂದರು ಸೇರುತ್ತದೆ. 9ರ ವಿಮಾನಕ್ಕೆ ಟಿಕೆಟ್ ಮಾಡಿಸಬಹುದೇ?

ಉತ್ತರ: ಬೇಡ. ಹಡಗು ದಡ ಸೇರುವುದು ಬೇರೆ, ನೀವು ಇಳಿಯುವುದು ಬೇರೆ. ಅಧಿಕಾರಿಗಳ ತಪಾಸಣೆ ಮುಗಿದು, ಗುಂಪು ಗುಂಪಾಗಿ ಕರೆದು ಇಳಿಸುವಾಗ ಎಂಟು ಒಂಬತ್ತು ಆಗುವುದು ಸಾಮಾನ್ಯ, ಆದ್ದರಿಂದ ಮಧ್ಯಾಹ್ನದ ನಂತರದ ವಿಮಾನ ಹಿಡಿಯಿರಿ. ಹೋಗುವಾಗಲೂ ಹಾಗೆಯೇ, ಹಡಗು ಹೊರಡುವ ಊರನ್ನು ಹಿಂದಿನ ದಿನವೇ ತಲುಪಿ. ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಕ್ಯಾಬಿನ್ನಿನ ಹೊರಗಿಡಲು ಹೇಳುತ್ತಾರೆ. ಮರುದಿನ ತೊಡುವ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟುಗಳನ್ನು ಅದಕ್ಕೆ ಮೊದಲೇ ತೆಗೆದಿಟ್ಟುಕೊಳ್ಳಿ.