ಒಂಬತ್ತು ದಿನದ ರಜೆ, ಎರಡು ತಿಂಗಳ ತಡ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಜನವರಿಯಲ್ಲಿ ದುಡ್ಡು ಕಟ್ಟಿ ಬ್ಲೂಟೂತ್ ಸ್ಪೀಕರ್ ಬುಕ್ ಮಾಡಿದ್ದೆ. ಫೆಬ್ರವರಿ ಕೊನೆಗೆ ಕೈ ಸೇರುತ್ತದೆ ಎಂದಿದ್ದರು. ಈಗ ಕೇಳಿದರೆ ಚೀನಾದಲ್ಲಿ ಹೊಸ ವರ್ಷದ ರಜೆ ಇತ್ತು, ಏಪ್ರಿಲ್ ಆಗಬಹುದು ಎನ್ನುತ್ತಾರೆ. ಅಲ್ಲಿ ರಜೆ ಇದ್ದದ್ದು ಒಂಬತ್ತೇ ದಿನವಂತೆ. ಇದು ಸಬೂಬು ಅಲ್ವಾ?"

ಸಂಪಾದಕರ ಉತ್ತರ:

ಅರ್ಧ ನಿಜ, ಅರ್ಧ ಸಬೂಬು. ನಿಜವನ್ನು ಮೊದಲು ಹೇಳುತ್ತೇನೆ.

2026ರಲ್ಲಿ ಚೀನಾ ಸರ್ಕಾರ ಕೊಟ್ಟ ರಜೆ ಫೆಬ್ರವರಿ 15ರಿಂದ 23ರವರೆಗೆ. ಒಂಬತ್ತು ದಿನ, ಸರಿ. (ಅದೂ ಪೂರ್ತಿ ಪುಕ್ಕಟೆಯಲ್ಲ. ಹಿಂದೊಂದು, ಮುಂದೊಂದು ಶನಿವಾರ ಕೆಲಸ ಮಾಡಿ ತೀರಿಸಬೇಕು.) ಆದರೆ ಶೆನ್‌ಜೆನ್, ಡಾಂಗ್‌ಗುವಾನ್ ಕಾರ್ಖಾನೆಗಳಲ್ಲಿ ಕೂತು ಸ್ಪೀಕರ್ ಜೋಡಿಸುವವರಲ್ಲಿ ತುಂಬಾ ಜನ ಆ ಊರಿನವರಲ್ಲ. ಹುನಾನ್, ಸಿಚುವಾನ್, ಗುವಾಂಗ್ಸಿ ಕಡೆಯ ಹಳ್ಳಿಯವರು. ಎಷ್ಟೋ ಜನ ವರ್ಷಕ್ಕೊಮ್ಮೆ ಮಕ್ಕಳ ಮುಖ ನೋಡುವುದು ಈ ಹಬ್ಬಕ್ಕೇ. ಈ ಹೋಗಿಬರುವ ಗದ್ದಲಕ್ಕೆ ಅಲ್ಲಿ ಚುನ್‌ಯುನ್ ಎನ್ನುತ್ತಾರೆ, ಅದು 40 ದಿನ ನಡೆಯುತ್ತದೆ. ಯುಗಾದಿಗೆಂದು ಊರಿಗೆ ಹೋದ ಗಾರೆ ಕೆಲಸದವರು ಯಾವಾಗ ವಾಪಸ್ ಬರುತ್ತಾರೆ? ಮನೆ ಕಟ್ಟಿಸಿದವರನ್ನು ಕೇಳಿ.

ಕಾರ್ಖಾನೆ ಒಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಸರ್ಕ್ಯೂಟ್ ಬೋರ್ಡ್ ಒಬ್ಬರದು, ಬ್ಯಾಟರಿ ಇನ್ನೊಬ್ಬರದು, ಪ್ಲಾಸ್ಟಿಕ್ ಕವಚ ಮತ್ತೊಬ್ಬರದು. ಸಣ್ಣವರು ಹಬ್ಬಕ್ಕೆ ವಾರ ಮೊದಲೇ ಬಾಗಿಲು ಹಾಕುತ್ತಾರೆ. ರಟ್ಟಿನ ಡಬ್ಬಿ ಬರದಿದ್ದರೂ ಸ್ಪೀಕರ್ ಹೊರಡುವುದಿಲ್ಲ! ಹಬ್ಬ ಮುಗಿದ ಮೇಲೆ ಒಂದಷ್ಟು ಜನ ವಾಪಸ್ಸೇ ಬರುವುದಿಲ್ಲ. ವರ್ಷದ ಬೋನಸ್ ಕೈಗೆ ಬಂದಿರುತ್ತದೆ, ಬೇರೆ ಕಡೆ ಸೇರಿಕೊಳ್ಳುತ್ತಾರೆ. ಅವರ ಜಾಗಕ್ಕೆ ಬಂದವರು ಕೈ ಪಳಗಿಸಿಕೊಳ್ಳಬೇಕು.

ಹಡಗಿನ ಕಥೆ ಇನ್ನೂ ವಿಚಿತ್ರ. ಹಬ್ಬದ ಮುಂಚೆ ಎಲ್ಲರಿಗೂ ಸರಕು ಸಾಗಿಸುವ ಆತುರ, ಯಾಂಟಿಯನ್ ಬಂದರಿನಲ್ಲಿ ಕಂಟೇನರಿಗೆ ಜಾಗ ಸಿಗುವುದು ಕಷ್ಟ. ಹಬ್ಬ ಕಳೆದ ಮೇಲೆ ತುಂಬಿಸಲು ಸರಕೇ ಇರುವುದಿಲ್ಲ. ಖಾಲಿ ಹಡಗು ಓಡಿಸುವುದೇಕೆ ಅಂತ ಕಂಪನಿಗಳು ಕೆಲವು ಟ್ರಿಪ್ಪನ್ನೇ ರದ್ದು ಮಾಡುತ್ತವೆ. ವಿಮಾನದಲ್ಲಿ ತರಿಸಬಹುದು, ಆದರೆ ಬಾಡಿಗೆ ಜಾಸ್ತಿ. ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಕಟ್ಟುಪಾಡೂ ಜಾಸ್ತಿ.

ವಿಯೆಟ್ನಾಮಿನಲ್ಲಿ ಮಾಡಿಸಿದ್ದರೆ? ಅಲ್ಲೂ ಅದೇ ಅಮಾವಾಸ್ಯೆಗೆ ಹೊಸ ವರ್ಷ, ಹೆಸರು ಮಾತ್ರ ಟೆಟ್. ಈ ಸಲ ಅದು ಫೆಬ್ರವರಿ 17ಕ್ಕೆ ಬಂತು, ನಮ್ಮ ಶಿವರಾತ್ರಿಯಾಗಿ ಎರಡು ದಿನಕ್ಕೆ. ನಮ್ಮ ಪಂಚಾಂಗದ ಹಾಗೆ ಅವರದೂ ಚಂದ್ರನ ಲೆಕ್ಕ, ಅವರಿಗೂ ಅಧಿಕ ಮಾಸ ಉಂಟು.

ಇನ್ನು ಸಬೂಬಿನ ವಿಷಯ. ಹಬ್ಬದ ದಿನ ಎಷ್ಟೋ ವರ್ಷ ಮೊದಲೇ ಲೆಕ್ಕ ಹಾಕಿ ಇಡುವಂಥದ್ದು. ರಜೆಯ ಪಟ್ಟಿಯನ್ನು ಚೀನಾ ಸರ್ಕಾರ 2025ರ ನವೆಂಬರಿನಲ್ಲೇ ಹೊರಡಿಸಿತ್ತು. ಜನವರಿಯಲ್ಲಿ ನಿಮ್ಮಿಂದ ದುಡ್ಡು ತೆಗೆದುಕೊಂಡವರಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ. ಆಗ ಸ್ಪೀಕರ್ ತಯಾರೇ ಆಗಿರಲಿಲ್ಲ ಅನ್ನುವುದು ನನ್ನ ಗುಮಾನಿ.

ಅವರಿಗೆ ಒಂದೇ ಪ್ರಶ್ನೆ ಕೇಳಿ: ಸರಕು ಹಡಗು ಹತ್ತಿದ್ದು ಯಾವ ತಾರೀಖು? ತಾರೀಖು ಹೇಳಿದರೆ ಕಾಯಿರಿ. ತಡವರಿಸಿದರೆ ದುಡ್ಡು ವಾಪಸ್ ಕೇಳಿ. ದೀಪಾವಳಿಗೆ ಇನ್ನೇನಾದರೂ ಬುಕ್ ಮಾಡುವುದಿದ್ದರೆ, ಅಕ್ಟೋಬರ್ 1ಕ್ಕೆ ಚೀನಾದ ರಾಷ್ಟ್ರೀಯ ದಿನದ ರಜೆ ಶುರುವಾಗುತ್ತದೆ ಎಂಬುದು ನೆನಪಿರಲಿ.